ವಿಟಮಿನ್ ಡಿ ಬೇಕಾದರೆ ಎಳೆಬಿಸಿಲು ಬಿಡಿ, ನೆರಳು ನೋಡಿ

ತುಮಕೂರಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಮೊದಲು ವಿಟಮಿನ್ ಡಿ ಕೇಳಿಕೊಂಡು ಬರುವವರು ವಾರಕ್ಕೊಬ್ಬರು ಇದ್ದರೆ ಹೆಚ್ಚು. ಈಗ ದಿನಕ್ಕೆ ಐದಾರು ಜನ ಗ್ಯಾರಂಟಿ. ಕೆಲವರ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ, ಕೆಲವರ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಮಾತ್ರ, ಇನ್ನು ಕೆಲವರು ಬರಿಗೈಯಲ್ಲಿ ಬಂದು "ಆ ಹಾಲಿಗೆ ಹಾಕಿ ಕುಡಿಯೋ ಪುಡಿ ಕೊಡಿ, ಪಕ್ಕದ ಮನೆಯವರಿಗೆ ಮಂಡಿ ನೋವು ಹೋಯ್ತಂತೆ" ಅನ್ನುತ್ತಾರೆ.

ರಿಪೋರ್ಟ್ ಹಿಡಿದು ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ದಿನಾ ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೋಗ್ತೀನಿ ಸಾರ್, ಎಳೆಬಿಸಿಲು ಮೈಗೆ ಬೀಳುತ್ತೆ. ಆದ್ರೂ ಡಿ 11 ಬಂದಿದೆ. ಲ್ಯಾಬಿನವರೇ ಏನೋ ತಪ್ಪು ಮಾಡಿರಬೇಕು."

ಲ್ಯಾಬಿನವರ ತಪ್ಪಲ್ಲ. ಆರೂವರೆಯ ಬಿಸಿಲಲ್ಲಿ ಡಿ ಇರುವುದಿಲ್ಲ, ಅಷ್ಟೇ.

ಇದನ್ನು ಹೇಳಿದರೆ ಜನ ನನ್ನ ಮುಖವನ್ನೇ ನೋಡುತ್ತಾರೆ. ಅಜ್ಜಿ ಕಾಲದಿಂದ ಕೇಳಿದ ಮಾತು ಅದು, ಅಲ್ವಾ? ಎಳೆಬಿಸಿಲು ಒಳ್ಳೇದು, ನಡುಮಧ್ಯಾಹ್ನದ ಬಿಸಿಲು ಕೆಟ್ಟದ್ದು. ಮೈಗೆ ಹಿತ ಅನ್ನೋದಾದರೆ ಎಳೆಬಿಸಿಲೇ ಹಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಚರ್ಮ ಡಿ ತಯಾರಿಸುವುದಕ್ಕೆ ಬಿಸಿಲಿನ ಒಂದೇ ಒಂದು ಭಾಗ ಬೇಕು, ಯುವಿ-ಬಿ ಅಂತ ಅದರ ಹೆಸರು. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ಬರುತ್ತದೆ, ಗಾಳಿಯ ಪದರದಲ್ಲಿ ಜಾಸ್ತಿ ದೂರ ಹಾದು ಬರಬೇಕಾಗುತ್ತದೆ. ಆ ದಾರಿಯಲ್ಲೇ ಓಜೋನ್ ಈ ಯುವಿ-ಬಿಯನ್ನು ನುಂಗಿಹಾಕುತ್ತದೆ. ಬೆಳಕು ಬರುತ್ತದೆ, ಸ್ವಲ್ಪ ಬಿಸಿಯೂ ಬರುತ್ತದೆ, ನಮಗೆ ಬೇಕಾದ್ದು ಮಾತ್ರ ಬರುವುದಿಲ್ಲ. ವಾಕಿಂಗ್ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಹೃದಯಕ್ಕೆ, ಶುಗರಿಗೆ, ತಲೆ ಹಗುರಾಗುವುದಕ್ಕೆ ಅದು ಬೇಕೇ ಬೇಕು. ಡಿ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ ಅಂತ ಮಾತ್ರ ಹೇಳುತ್ತೇನೆ.

ನೆರಳಿನ ಲೆಕ್ಕ

ಹಾಗಾದರೆ ಯಾವಾಗ ನಿಲ್ಲಬೇಕು? ಗಡಿಯಾರ ಬೇಡ, ಆಪ್ ಬೇಡ. ಬಿಸಿಲಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಉದ್ದ ಇದ್ದರೆ ಸಿಗುವುದು ತೀರಾ ಕಡಿಮೆ. ನಿಮಗಿಂತ ಗಿಡ್ಡ ಇದ್ದರೆ ಸಿಗುತ್ತದೆ. ಗಿಡ್ಡ ಆದಷ್ಟೂ ಬೇಗ ಸಿಗುತ್ತದೆ.

ನಮ್ಮ ಅಂಗಡಿ ಮುಂದೆ ಒಂದು ಬೋರ್ಡಿನ ಕಂಬ ಇದೆ, ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಎಂಟಕ್ಕೆ ಶಟರ್ ಎತ್ತುವಾಗ ಅದರ ನೆರಳು ಚರಂಡಿ ದಾಟಿ ರಸ್ತೆಗೆ ಹೋಗಿರುತ್ತದೆ. ಹನ್ನೊಂದರ ಹೊತ್ತಿಗೆ ಮೆಟ್ಟಿಲ ಹತ್ತಿರವೇ ಮುದುಡಿಕೊಂಡಿರುತ್ತದೆ. ನಂಬದವರಿಗೆ ನಾನು ಅದನ್ನೇ ತೋರಿಸುವುದು.

ತುಮಕೂರು, ಬೆಂಗಳೂರು, ಮೈಸೂರು, ಹಾಸನದ ಕಡೆಯವರಿಗೆ ಲೆಕ್ಕ ಹೀಗೆ ಬರುತ್ತದೆ. ಡಿಸೆಂಬರಿನಲ್ಲಿ ಸುಮಾರು ಹತ್ತೂವರೆಯಿಂದ ಎರಡು ಗಂಟೆಯವರೆಗೆ ನೆರಳು ಗಿಡ್ಡ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂಬತ್ತೂವರೆಯಿಂದ ಮೂರೂಕಾಲರವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಒಂಬತ್ತೂಕಾಲಕ್ಕೇ ಗಿಡ್ಡ ಆಗಿರುತ್ತದೆ. ಇದರಿಂದ ಒಂದು ಅನುಕೂಲ ಇದೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯ ಒಂದು ಗಂಟೆಯ ಬಿಸಿಲಿಗೆ ನಿಲ್ಲಿ ಅಂದರೆ ಜನ ನನ್ನನ್ನೇ ಹೊಡೆಯಲು ಬರುತ್ತಾರೆ, ವಯಸ್ಸಾದವರಿಗಂತೂ ಅದು ಅಪಾಯ. ಅಲ್ಲಿ ಬೇಸಿಗೆಯಲ್ಲಿ ಒಂಬತ್ತೂವರೆ, ಹತ್ತು ಗಂಟೆ ಸಾಕು, ನೆರಳು ಆಗಲೇ ಗಿಡ್ಡ ಆಗಿರುತ್ತದಲ್ಲ. ಚಳಿಗಾಲದಲ್ಲಿ ಹನ್ನೊಂದು, ಹನ್ನೆರಡಕ್ಕೆ ಹೋಗಿ. ಆಗ ಬಿಸಿಲು ಹಿತವಾಗಿಯೇ ಇರುತ್ತದೆ.

ಎಷ್ಟು ಹೊತ್ತು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಮ್ಮ ಮೈಬಣ್ಣದ ಮೆಲನಿನ್ ಒಂದು ಕೊಡೆ ಇದ್ದ ಹಾಗೆ. ತೀರಾ ಬಿಳಿ ಚರ್ಮದವರಿಗೆ ಸಾಕಾಗುವ ಹೊತ್ತಿನ ಮೂರರಿಂದ ಐದು ಪಟ್ಟು ಕಪ್ಪು ಚರ್ಮದವರಿಗೆ ಬೇಕಾಗಬಹುದು. ಯಾವುದೋ ವಿದೇಶಿ ವಿಡಿಯೋದಲ್ಲಿ "ಐದು ನಿಮಿಷ ಸಾಕು" ಅಂದಿದ್ದನ್ನು ನಾವು ಹಾಗೇ ನಂಬಬಾರದು. ಮುಂಗೈ, ತೋಳು, ಮೊಣಕಾಲ ಕೆಳಗಿನ ಭಾಗ ಬಿಟ್ಟುಕೊಂಡು 15ರಿಂದ 30 ನಿಮಿಷ, ವಾರಕ್ಕೆ ಮೂರ್ನಾಲ್ಕು ದಿನ, ಇಷ್ಟು ನಮ್ಮ ಕಡೆಯವರಿಗೆ ಒಂದು ಅಂದಾಜು. ಮುಖಕ್ಕೆ ಬೇಕಾದರೆ ಟೋಪಿ ಹಾಕಿ, ಮುಖ ಚಿಕ್ಕ ಜಾಗ, ಅದರಿಂದ ಸಿಗುವುದೂ ಅಷ್ಟರಲ್ಲೇ ಇದೆ. ಚರ್ಮ ಚುರುಗುಟ್ಟುವವರೆಗೆ ನಿಲ್ಲಬೇಡಿ. ಜಾಸ್ತಿ ಹೊತ್ತು ನಿಂತರೆ ಜಾಸ್ತಿ ಡಿ ಅಂತಲೂ ಇಲ್ಲ, ಒಂದು ಮಟ್ಟ ಮುಟ್ಟಿದ ಮೇಲೆ ಚರ್ಮವೇ ಹೆಚ್ಚಾದದ್ದನ್ನು ಕೆಲಸಕ್ಕೆ ಬಾರದ ಬೇರೆ ವಸ್ತುವಾಗಿ ಮಾರ್ಪಡಿಸಿಬಿಡುತ್ತದೆ. ಬಿಸಿಲಿನಿಂದ ಡಿ ವಿಷವಾಗದೇ ಇರುವುದು ಇದೇ ಕಾರಣಕ್ಕೆ.

ಕಿಟಕಿ ಗಾಜಿನ ಹಿಂದೆ ಕೂತರೆ ಲೆಕ್ಕಕ್ಕಿಲ್ಲ, ಯುವಿ-ಬಿ ಗಾಜು ದಾಟುವುದಿಲ್ಲ. ಕಾರಿನಲ್ಲಿ ಬಿಸಿಲು ಸುಡುತ್ತಿದ್ದರೂ ಅಷ್ಟೇ. ದಪ್ಪ ಬಟ್ಟೆಯೂ ದಾಟುವುದಿಲ್ಲ. ಬೈಕಿನಲ್ಲಿ ಊರೆಲ್ಲ ಸುತ್ತುವ ಹುಡುಗಿಯರು ಮೊಣಕೈವರೆಗೆ ಗ್ಲೌಸ್, ಕಣ್ಣು ಬಿಟ್ಟು ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು "ದಿನಾ ಬಿಸಿಲಲ್ಲೇ ಇರ್ತೀನಲ್ಲಾ" ಅಂದರೆ ಏನು ಹೇಳುವುದು? ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವ ಕೆಲಸವನ್ನು ಹನ್ನೊಂದಕ್ಕೆ ಇಟ್ಟುಕೊಳ್ಳಿ, ತೋಳು ಮಡಚಿಕೊಳ್ಳಿ. ಹಪ್ಪಳ ಸಂಡಿಗೆ ಹಾಕುವ ಕಾಲದಲ್ಲಿ ಹೆಂಗಸರಿಗೆ ಇದು ತಾನಾಗಿಯೇ ಆಗುತ್ತಿತ್ತು.

ಬಿಸಿಲು ಆಗದವರೂ ಇದ್ದಾರೆ. ಲೂಪಸ್ ಇರುವವರು, ಬಿಸಿಲಿಗೆ ಮೈಯೆಲ್ಲ ದದ್ದು ಏಳುವವರು ಈ ಪ್ರಯೋಗಕ್ಕೆ ಹೋಗಬೇಡಿ. ಮೊಡವೆಗೋ ಸೋಂಕಿಗೋ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುತ್ತಿದ್ದರೆ ಚರ್ಮ ಬೇಗ ಸುಡುತ್ತದೆ, ಆ ಮಾತ್ರೆ ಮುಗಿಯುವವರೆಗೆ ಬಿಸಿಲು ಕಾಯಿಸುವುದನ್ನು ನಿಲ್ಲಿಸಿ.

ಇನ್ನು ಹೊರದೇಶದಲ್ಲಿರುವವರು. ಲಂಡನ್ನಿನಲ್ಲಿರುವ ಮಗನ ಬಗ್ಗೆ ಕೇಳಿದ ತಂದೆಯೊಬ್ಬರಿಗೆ ನಾನು ಹೇಳಿದ್ದು ಇಷ್ಟು: ಅಲ್ಲಿ ಅಕ್ಟೋಬರಿನಿಂದ ಮಾರ್ಚ್ ಶುರುವಿನವರೆಗೆ ಮಧ್ಯಾಹ್ನ ಹನ್ನೆರಡಕ್ಕೆ ನಿಂತರೂ ನೆರಳು ಉದ್ದವೇ, ಡಿ ಸಾಲುವುದಿಲ್ಲ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯೇ ಆ ತಿಂಗಳುಗಳಲ್ಲಿ ಎಲ್ಲರಿಗೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ಮಾತ್ರೆ ಯೋಚಿಸಿ ಅನ್ನುತ್ತದೆ. ನಮ್ಮಂಥ ಮೈಬಣ್ಣದವರಿಗೆ ವರ್ಷಪೂರ್ತಿ.

ಡಿ ಕಡಿಮೆಯಾದರೆ ಆಗುವುದೇನು

ಹೆಸರು ವಿಟಮಿನ್ ಆದರೂ ಇದು ಕೆಲಸ ಮಾಡುವುದು ಹಾರ್ಮೋನಿನ ಹಾಗೆ. ಚರ್ಮದಲ್ಲಿ ಹುಟ್ಟಿದ್ದು ಲಿವರ್‌ಗೆ ಹೋಗಿ ಒಂದು ರೂಪ ಪಡೆಯುತ್ತದೆ, ಕಿಡ್ನಿಗೆ ಹೋಗಿ ಇನ್ನೊಂದು ರೂಪ ಪಡೆದು ಕೆಲಸಕ್ಕೆ ಇಳಿಯುತ್ತದೆ. ಅದರ ಮುಖ್ಯ ಕೆಲಸ ಕರುಳಲ್ಲಿ. ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುವಂತೆ ಮಾಡುವುದು. ಡಿ ಇಲ್ಲದಿದ್ದರೆ ನೂರಕ್ಕೆ 10ರಿಂದ 15 ಭಾಗ ಮಾತ್ರ ಸೇರುತ್ತದೆ, ಸರಿಯಾಗಿದ್ದರೆ 30ರಿಂದ 40. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದಕ್ಕೇ ನಾವು ಮುದ್ದೆ ತಿನ್ನೋರಿಗೆ ಮೂಳೆ ಗಟ್ಟಿ ಅಂತ ಎದೆ ತಟ್ಟಿಕೊಳ್ಳುವುದು. ಆದರೆ ರಾಗಿಯಲ್ಲಿ ಡಿ ಇಲ್ಲ. ಮುದ್ದೆ ಎಷ್ಟೇ ನುಂಗಿದರೂ ಡಿ ಇಲ್ಲದವರ ಮೈಗೆ ಅದು ಪೂರ್ತಿ ದಕ್ಕುವುದಿಲ್ಲ.

ಕರುಳಿನಿಂದ ಸಾಲದೇ ಹೋದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎತ್ತಿಕೊಳ್ಳುತ್ತದೆ. ಮಕ್ಕಳಲ್ಲಿ ಇದು ರಿಕೆಟ್ಸ್ ಆಗುತ್ತದೆ. ಕಾಲು ಬಿಲ್ಲಿನ ಹಾಗೆ ಬಾಗುತ್ತದೆ, ಹಲ್ಲು ತಡವಾಗಿ ಬರುತ್ತದೆ, ನಡೆಯುವುದು ತಡ. ಹೊಗೆ ತುಂಬಿದ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಒಂದು ಕಾಲಕ್ಕೆ ಬಡವರ ಮಕ್ಕಳಿಗೆ ಇದು ಸಾಮಾನ್ಯ ಕಾಯಿಲೆ ಆಗಿತ್ತು. ಕಾಡ್ ಮೀನಿನ ಲಿವರ್ ಎಣ್ಣೆ ಕುಡಿಸಿದರೆ ಗುಣ ಆಗುವುದನ್ನು ನೋಡಿ, ಅದರಲ್ಲಿರುವ ಈ ವಸ್ತುವನ್ನು ಅಮೆರಿಕದ ವಿಜ್ಞಾನಿ ಮೆಕಾಲಂ 1922ರಲ್ಲಿ ಬೇರೆ ಎಂದು ಗುರುತಿಸಿದರು. ಎ, ಬಿ, ಸಿ ಆಗಲೇ ಮುಗಿದಿತ್ತು, ಹಾಗಾಗಿ ಡಿ.

ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ. ಅದು ಕಾಣಿಸಿಕೊಳ್ಳುವ ರೀತಿ ಗಮನಿಸಿ. "ಮೈಕೈ ನೋವು" ಅಂತಲೇ ಎಲ್ಲರೂ ಶುರು ಮಾಡುತ್ತಾರೆ, ಅದಕ್ಕೆ ನೂರು ಕಾರಣ ಇರಬಹುದು. ನಾನು ಎರಡು ಪ್ರಶ್ನೆ ಕೇಳುತ್ತೇನೆ. ನೆಲದಲ್ಲಿ ಕೂತರೆ ಕೈ ಊರದೆ ಏಳುತ್ತೀರಾ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕಾ? ತೊಡೆ ಮತ್ತು ಸೊಂಟದ ಸ್ನಾಯು ಸೋಲುವುದು ಡಿ ತೀರಾ ಕಡಿಮೆಯಾದವರ ಲಕ್ಷಣ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯನ್ನು ಹೆಬ್ಬೆರಳಿಂದ ಒತ್ತಿದರೆ ಕೆಲವರಿಗೆ ಜೀವ ಹೋದ ಹಾಗೆ ನೋಯುತ್ತದೆ. ಹೌದು ಅಂದರೆ ಪುಡಿ ಕೊಟ್ಟು ಕಳಿಸುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ.

ಡಿಯಿಂದ ಎಲ್ಲ ಕಾಯಿಲೆಯೂ ಹೋಗುತ್ತದೆ ಅನ್ನುವ ವಾಟ್ಸಾಪ್ ಮೆಸೇಜುಗಳನ್ನು ಮಾತ್ರ ನಂಬಬೇಡಿ. ಅಮೆರಿಕದಲ್ಲಿ ವೈಟಲ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. 25,871 ಜನರಲ್ಲಿ ಅರ್ಧ ಜನಕ್ಕೆ ದಿನಕ್ಕೆ 2000 ಯೂನಿಟ್ ಡಿ, ಉಳಿದವರಿಗೆ ಅದರಂತೆಯೇ ಕಾಣುವ ಸುಮ್ನೆ ಮಾತ್ರೆ ಕೊಟ್ಟು ಐದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಬರುವುದೂ ಕಡಿಮೆ ಆಗಲಿಲ್ಲ, ಹೃದಯಾಘಾತವೂ ಕಡಿಮೆ ಆಗಲಿಲ್ಲ. 2022ರಲ್ಲಿ ಮೂಳೆ ಮುರಿತದ ಲೆಕ್ಕ ಬಂತು, ಅದೂ ಅಷ್ಟೇ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಡಿ ಕೊರತೆ ಇರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು. ಕೊರತೆ ಇರುವವರಿಗೆ ಕೊಟ್ಟರೆ ಲಾಭ ಇದೆ, ತುಂಬಿದ ಕೊಡಕ್ಕೆ ನೀರು ಸುರಿದರೆ ಚೆಲ್ಲುತ್ತದೆ.

ರಿಪೋರ್ಟ್ ಓದುವುದು

ಆರೋಗ್ಯವಾಗಿರುವ ಎಲ್ಲರೂ ಟೆಸ್ಟ್ ಮಾಡಿಸಬೇಕಾಗಿಲ್ಲ. ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಕೊಟ್ಟ ಸಲಹೆಯೇ ಹಾಗಿದೆ. ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಫ್ರೀ ಅಂತ ಸೇರಿಸಿರುತ್ತಾರೆ, ಕಡಿಮೆ ಬರುತ್ತದೆ, ಗಾಬರಿ ಶುರು. ಮೇಲೆ ಹೇಳಿದ ಲಕ್ಷಣ ಇರುವವರು, ಮೂಳೆ ಸವೆತ ಇರುವವರು, ಫಿಟ್ಸ್ ಮಾತ್ರೆ (ಫೆನಿಟಾಯಿನ್, ಕಾರ್ಬಮೆಜೆಪಿನ್ ಥರದ್ದು) ವರ್ಷಗಟ್ಟಲೆ ತೆಗೆದುಕೊಳ್ಳುವವರು, ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿರುವವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ತೂಕ ಇಳಿಸಲು ಹೊಟ್ಟೆ ಆಪರೇಷನ್ ಆದವರು, ಇವರಿಗೆ ಟೆಸ್ಟಿಗೆ ಅರ್ಥ ಇದೆ. ವಯಸ್ಸಾದವರ ಚರ್ಮವೂ ಹಿಂದೆ ಬೀಳುತ್ತದೆ, ಇಪ್ಪತ್ತರ ಹುಡುಗನಿಗೆ ಹೋಲಿಸಿದರೆ ಎಪ್ಪತ್ತರವರ ಚರ್ಮ ಅದೇ ಬಿಸಿಲಲ್ಲಿ ಕಾಲು ಭಾಗದಷ್ಟು ಡಿ ಮಾತ್ರ ಮಾಡುತ್ತದೆ.

ಮಾಡಿಸಬೇಕಾದ ಟೆಸ್ಟಿನ ಹೆಸರು 25 ಹೈಡ್ರಾಕ್ಸಿ ವಿಟಮಿನ್ ಡಿ. 1,25 ಅಂತ ಇನ್ನೊಂದಿದೆ, ಅದು ದುಬಾರಿ, ಸಾಮಾನ್ಯ ಕೊರತೆ ನೋಡಲು ಅದು ಬೇಡ. ಖಾಲಿ ಹೊಟ್ಟೆಯೂ ಬೇಕಿಲ್ಲ. ರಿಪೋರ್ಟಿನಲ್ಲಿ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ. 20ರಿಂದ 30ರ ನಡುವೆ ಇದ್ದರೆ ಕೆಲವು ಡಾಕ್ಟರು ಸಾಕು ಅನ್ನುತ್ತಾರೆ, ಕೆಲವರು ಸ್ವಲ್ಪ ಕೊಡೋಣ ಅನ್ನುತ್ತಾರೆ. 24 ಬಂದವರು ನಿದ್ದೆಗೆಡುವುದು ಬೇಡ. 10ರ ಕೆಳಗೆ ಇದ್ದರೆ ಮುಂದೂಡಬೇಡಿ.

ಇಲ್ಲಿ ಒಂದು ಗುಂಡಿ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ನ್ಯಾನೊಗ್ರಾಂ ಲೆಕ್ಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಕಡೆ ನ್ಯಾನೊಮೋಲ್ ಲೆಕ್ಕ. ಅಲ್ಲಿಯ 50 ಅಂದರೆ ನಮ್ಮ 20. ಎರಡೂವರೆಯಿಂದ ಭಾಗಿಸಿ. ಹೊರಗಿನಿಂದ ರಜೆಗೆ ಬಂದ ಅಳಿಯನ ರಿಪೋರ್ಟ್ ನೋಡಿ "ಇವನದು 45, ನಂದು ಬರೀ 18" ಅಂತ ಮಾವ ಕೊರಗುವುದು ಬೇಡ, ಇಬ್ಬರದೂ ಒಂದೇ.

ಊಟದಿಂದ ಎಷ್ಟು

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ದಿನಕ್ಕೆ 600 ಯೂನಿಟ್. ಊಟದಿಂದಲೇ ಅದನ್ನು ತುಂಬಿಸುವುದು ಕಷ್ಟ, ಸಸ್ಯಾಹಾರಿಗಳಿಗಂತೂ ಆಗುವ ಮಾತೇ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 40, ಅದೂ ಹಳದಿಯಲ್ಲಿ. ಜಿಮ್ ಹುಡುಗರು ಹಳದಿ ಬಿಸಾಡಿ ಬಿಳಿ ತಿನ್ನುತ್ತಾರೆ, ಡಿ ಕಸದ ಬುಟ್ಟಿಗೆ ಹೋಗುತ್ತದೆ. ಬಂಗುಡೆ, ಬೂತಾಯಿ ಥರದ ಜಿಡ್ಡಿನ ಮೀನು ಒಳ್ಳೆಯದು, ಕರಾವಳಿಯವರ ಪುಣ್ಯ. ಅಂಗಡಿಯ ಒಮೇಗಾ-3 ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಡಿ ಇರುವುದಿಲ್ಲ, ಕಾಡ್ ಲಿವರ್ ಎಣ್ಣೆಯಲ್ಲಿ ಇರುತ್ತದೆ. ಆದರೆ ಅದರಲ್ಲಿ ವಿಟಮಿನ್ ಎ ಕೂಡ ಜಾಸ್ತಿ, ಬಸುರಿಯರು ಮುಟ್ಟಬಾರದು.

ಹಾಲಿನ ಪ್ಯಾಕೆಟ್ಟು, ಅಡುಗೆ ಎಣ್ಣೆ ಪ್ಯಾಕೆಟ್ಟು ತಿರುಗಿಸಿ ನೋಡಿ. ನೀಲಿ ಬಣ್ಣದ +ಎಫ್ ಗುರುತು ಇದ್ದರೆ ಎ ಮತ್ತು ಡಿ ಸೇರಿಸಿದ್ದಾರೆ ಅಂತ. ನಿಯಮದ ಪ್ರಕಾರ ಅಂಥ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಇರಬೇಕು. ಅರ್ಧ ಲೀಟರ್ ಕುಡಿದರೆ ಹೆಚ್ಚೆಂದರೆ 150. ಕಾಫಿಗೆ ಹಾಕುವ ಎರಡು ಚಮಚ ಹಾಲಿನ ಲೆಕ್ಕ ನೀವೇ ಹಾಕಿ. ಮನೆ ಹಸುವಿನ ಹಾಲು ಶ್ರೇಷ್ಠ ಅನ್ನುವವರು ಇರುತ್ತಾರೆ, ರುಚಿಯಲ್ಲಿ ಹೌದು, ಡಿ ಮಾತ್ರ ಅದರಲ್ಲಿ ನಾಮಕಾವಸ್ತೆ. ಅಣಬೆ ತಿನ್ನುವವರು ಒಂದು ಉಪಾಯ ಮಾಡಬಹುದು. ಬಟನ್ ಅಣಬೆ ಹೆಚ್ಚಿ ತಟ್ಟೆಯಲ್ಲಿ ಹರಡಿ, ನಡುಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಅಡುಗೆ ಮಾಡಿ. ನಮ್ಮ ಚರ್ಮದ ಹಾಗೆ ಅದೂ ಡಿ ಮಾಡಿಕೊಳ್ಳುತ್ತದೆ, ಡಿ2 ಅನ್ನುವ ಬಗೆ.

"ಮಾತ್ರೆ ವೆಜ್ಜಾ ನಾನ್‌ವೆಜ್ಜಾ?" ಈ ಪ್ರಶ್ನೆ ವಾರಕ್ಕೆರಡು ಸಲ ಬರುತ್ತದೆ. ಮಾತ್ರೆಗೆ ಹಾಕುವ ಡಿ3 ಅನ್ನುವ ಬಗೆಯನ್ನು ಸಾಮಾನ್ಯವಾಗಿ ಮಾಡುವುದು ಕುರಿ ಉಣ್ಣೆಯ ಜಿಡ್ಡಿನಿಂದ. ಉಣ್ಣೆ ಕತ್ತರಿಸಿ ತೆಗೆದದ್ದು, ಕುರಿ ಕೊಂದು ಅಲ್ಲ. ಅದೂ ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯದರಿಂದ ಮಾಡಿದ ಡಿ3 ಸಿಗುತ್ತದೆ, ಬೆಲೆ ಜಾಸ್ತಿ. ಮೆತ್ತಗಿನ ಕ್ಯಾಪ್ಸೂಲಿನ ಸಿಪ್ಪೆ ಬಹಳ ಸಲ ಜೆಲಾಟಿನ್, ಅದು ಪ್ರಾಣಿಯದು. ಪುಡಿಗೆ ಆ ಸಿಪ್ಪೆ ಇಲ್ಲ.

ಪುಡಿ ತೆಗೆದುಕೊಳ್ಳುವ ಕ್ರಮ

ಒಂದು ಗ್ರಾಂ ಸ್ಯಾಶೆ, ಅದರಲ್ಲಿ 60 ಸಾವಿರ ಯೂನಿಟ್. ಗಮನಿಸಿ, ದಿನಕ್ಕೆ ಬೇಕಾದ್ದು 600. ಒಂದು ಸ್ಯಾಶೆ ಅಂದರೆ ನೂರು ದಿನದ್ದು. ಕೊರತೆ ಇರುವವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ಬೇಕಿದ್ದರೆ ತಿಂಗಳಿಗೊಂದು.

ಈ "ವಾರಕ್ಕೊಂದು" ಅನ್ನುವ ಒಂದು ಪದದಲ್ಲಿ ನಾನೇ ಎಡವಿದ್ದೇನೆ. ಕೆಲವು ವರ್ಷದ ಹಿಂದೆ ನನ್ನ ಚಿಕ್ಕಮ್ಮನಿಗೆ ಡಾಕ್ಟರು ಬರೆದುಕೊಟ್ಟರು. ನಾನೇ ನಾಲ್ಕು ಸ್ಯಾಶೆ ಕೊಟ್ಟೆ, ಕವರಿನ ಮೇಲೆ "ರಾತ್ರಿ ಊಟ ಆದ ಮೇಲೆ 1, ಹಾಲಲ್ಲಿ" ಅಂತ ಬರೆದೆ. ವಾರಕ್ಕೆ ಅಂತ ಬರೆಯಲಿಲ್ಲ. ಮನೆಯವರಲ್ವಾ, ಬಾಯಲ್ಲಿ ಹೇಳಿದ್ದೇನೆ ಅಂತ ಅಂದುಕೊಂಡೆ. ಚಿಕ್ಕಮ್ಮ ಊರಿಗೆ ಹೋದರು. ನಾಲ್ಕು ದಿನಕ್ಕೆ ನಾಲ್ಕೂ ಮುಗಿಯಿತು. ಖಾಲಿ ಕವರ್ ತೋರಿಸಿ ಅಲ್ಲಿಯ ಅಂಗಡಿಯಲ್ಲಿ ಮತ್ತೆ ತಂದರು, ಮತ್ತೆ ತಂದರು. ಹೀಗೆ ಒಂದು ತಿಂಗಳ ಹತ್ತಿರ ದಿನಾ ಒಂದು. ಊಟ ಸೇರುತ್ತಿಲ್ಲ, ವಾಂತಿ ಬಂದ ಹಾಗೆ ಆಗುತ್ತದೆ, ಮೋಷನ್ ಆಗಿ ಐದು ದಿನ ಆಯಿತು, ನೀರಡಿಕೆ, ರಾತ್ರಿ ಆರೇಳು ಸಲ ಬಚ್ಚಲಿಗೆ ಹೋಗುತ್ತೇನೆ ಅಂತ ಫೋನ್ ಮಾಡಿದರು. ಶುಗರ್ ಇರಬೇಕು ಅಂದುಕೊಂಡೆವು. ಶುಗರ್ ಸರಿ ಇತ್ತು, ಕ್ಯಾಲ್ಸಿಯಂ 13ರ ಮೇಲಿತ್ತು. ಹತ್ತೂವರೆಯೊಳಗೆ ಇರಬೇಕಾದ್ದು. ಅಡ್ಮಿಟ್ ಮಾಡಿ ಸಲೈನ್ ಹಾಕಿದರು, ಕಿಡ್ನಿಗೆ ಪೆಟ್ಟು ಬೀಳುವ ಮೊದಲೇ ಸಿಕ್ಕಿತು, ಸದ್ಯ. ಡಿ ಕೊಬ್ಬಿನಲ್ಲಿ ಶೇಖರ ಆಗುವುದರಿಂದ ನಿಲ್ಲಿಸಿದ ತಕ್ಷಣ ಇಳಿಯುವುದಿಲ್ಲ, ಎಷ್ಟೋ ತಿಂಗಳು ರಕ್ತ ತೋರಿಸುತ್ತಲೇ ಇರಬೇಕಾಯಿತು. ಚಿಕ್ಕಮ್ಮ ಇವತ್ತಿಗೂ "ನಮ್ಮ ಹುಡುಗನೇ ಕೊಟ್ಟ ಪುಡಿ" ಅಂತ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಅಂದಿನಿಂದ ನನ್ನ ಜೇಬಲ್ಲಿ ಮಾರ್ಕರ್ ಇರುತ್ತದೆ. ಒಂದೊಂದು ಸ್ಯಾಶೆಯ ಮೇಲೂ ತಾರೀಖು ಬರೆದು ಕೊಡುತ್ತೇನೆ, ಎಂಟಕ್ಕೆ ಎಂಟು ಭಾನುವಾರ. ನಿಮ್ಮ ಅಂಗಡಿಯವರು ಬರೆಯದಿದ್ದರೆ ಮನೆಗೆ ಬಂದು ನೀವೇ ಬರೆದುಕೊಳ್ಳಿ, ಅಪ್ಪ ಅಮ್ಮನಿಗೆ ತೆಗೆದುಕೊಂಡು ಹೋಗುವಾಗಂತೂ ಮರೆಯಬೇಡಿ.

ತೆಗೆದುಕೊಳ್ಳುವುದು ದಿನದ ದೊಡ್ಡ ಊಟ ಆದ ಮೇಲೆ. ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್, ಖಾಲಿ ಹೊಟ್ಟೆಗೆ ನೀರಲ್ಲಿ ಕುಡಿದರೆ ಅರ್ಧಂಬರ್ಧ. ಭಾನುವಾರ ಮಧ್ಯಾಹ್ನ ತುಪ್ಪ ಹಾಕಿಕೊಂಡು ಊಟ ಮಾಡಿದ ಮೇಲೆ ಒಂದು ಲೋಟ ಹಾಲಿಗೆ ಬೆರೆಸಿ, ಲೋಟದ ತಳದಲ್ಲಿ ಪುಡಿ ಉಳಿಯದ ಹಾಗೆ ಕುಡಿಯಿರಿ. ಕೆನೆ ತೆಗೆದ ಹಾಲು ಬೇಡ. ಒಂದು ವಾರ ಮರೆತರೆ ನೆನಪಾದ ದಿನ ತೆಗೆದುಕೊಳ್ಳಿ, ಎರಡು ಒಟ್ಟಿಗೆ ಬೇಡ.

ಇಂಜೆಕ್ಷನ್ ಒಂದೇ ಸಲಕ್ಕೆ ಮುಗಿಯುತ್ತೆ, ಅದೇ ಕೊಡಿಸಿ ಅನ್ನುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಲ್ಲೇ ಕೊಟ್ಟು ನೋಡಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಬಂತು: ತೆಗೆದುಕೊಂಡವರೇ ಜಾಸ್ತಿ ಬಿದ್ದರು, ಜಾಸ್ತಿ ಮೂಳೆ ಮುರಿದುಕೊಂಡರು. ಅವಸರ ಬೇಡ. ಕೋರ್ಸ್ ಮುಗಿಸಿ ಮೂರು ತಿಂಗಳ ಹೊತ್ತಿಗೆ ಮತ್ತೆ ಟೆಸ್ಟ್ ಮಾಡಿಸಿ, ಅದಕ್ಕೆ ಮೊದಲು ಮಾಡಿಸಿದರೆ ದುಡ್ಡು ದಂಡ.

ಜೊತೆಗೆ ಕ್ಯಾಲ್ಸಿಯಂ ಮಾತ್ರೆ ನಡೆಯುತ್ತಿದ್ದರೆ ಅದರ ಹಿಂಬದಿ ಓದಿ, 250 ಅಥವಾ 500 ಯೂನಿಟ್ ಡಿ ಅದರಲ್ಲೇ ಇರುತ್ತದೆ. ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ. ಎಲ್ಲ ಕೂಡಿಸಿ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಬಿಡಿ. ಕಿಡ್ನಿ ಕಲ್ಲು ಆಗಿದ್ದವರು, ಕಿಡ್ನಿ ಕಾಯಿಲೆಯವರು, ಹೃದಯಕ್ಕೆ ಡಿಗಾಕ್ಸಿನ್ ಅಥವಾ ಬಿಪಿಗೆ ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ತೆಗೆದುಕೊಳ್ಳುವವರು ಪಕ್ಕದ ಮನೆಯವರ ಮಾತು ಕೇಳಿ ಪುಡಿ ಕುಡಿಯಬೇಡಿ. ಆಲ್ಫಾಕ್ಯಾಲ್ಸಿಡಾಲ್, ಕ್ಯಾಲ್ಸಿಟ್ರಿಯಾಲ್ ಅಂತ ಬರೆದಿದ್ದರೆ ಅದು ಬೇರೆಯೇ ಔಷಧಿ, ಪುಡಿಗೆ ಬದಲಿ ಅಂತ ಅದಲು ಬದಲು ಮಾಡಬಾರದು.

ಬಾಣಂತಿ, ಮಗು

ನಮ್ಮ ಕಡೆ ಬಾಣಂತನ ಅಂದರೆ ಕಿಟಕಿ ಮುಚ್ಚಿದ ಕೋಣೆ, ತಲೆಗೆ ಬಟ್ಟೆ, ಗಾಳಿ ಸೋಕಬಾರದು. ತಾಯಿಗೂ ಬಿಸಿಲಿಲ್ಲ. ಎದೆಹಾಲು ಎಲ್ಲ ರೀತಿಯಲ್ಲೂ ಒಳ್ಳೆಯದು, ಡಿ ಒಂದು ಮಾತ್ರ ಅದರಲ್ಲಿ ತೀರಾ ಕಡಿಮೆ. ಎಣ್ಣೆ ತಿಕ್ಕಿ ನೀರು ಹಾಕಿದ ಮೇಲೆ ಮಗುವನ್ನು ಎಳೆಬಿಸಿಲಿಗೆ ಮಲಗಿಸುತ್ತಾರೆ, ಮಗು ಸುಖವಾಗಿ ನಿದ್ದೆ ಮಾಡುತ್ತದೆ, ಮಾಡಲಿ. ಡಿ ಬರುವುದಿಲ್ಲ. ಹಾಗಂತ ಹಸುಗೂಸನ್ನು ಹನ್ನೆರಡರ ಬಿಸಿಲಿಗೆ ಹಿಡಿಯುವ ಹಾಗೂ ಇಲ್ಲ. ಅದಕ್ಕೇ ಮಕ್ಕಳ ಡಾಕ್ಟರು ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಬರೆಯುವುದು. ಇದನ್ನು ನಡುವೆ ನಿಲ್ಲಿಸಬೇಡಿ.

ಡ್ರಾಪ್ಸ್ ಬಾಟಲಿಯಲ್ಲಿ ಎರಡು ಥರ ಇದೆ. ಕೆಲವದರಲ್ಲಿ ಒಂದು ಎಂಎಲ್‌ಗೆ 400, ಕೆಲವದರಲ್ಲಿ ಒಂದು ಎಂಎಲ್‌ಗೆ 800. ಕಂಪನಿ ಬದಲಾದರೆ ಅಳತೆ ಬದಲಾಗುತ್ತದೆ, ಹಳೆ ಬಾಟಲಿಯ ಡ್ರಾಪರನ್ನು ಹೊಸದಕ್ಕೆ ಹಾಕಬೇಡಿ. ಮೊನ್ನೆ ಒಬ್ಬ ಅಜ್ಜಿ ಮೊಮ್ಮಗಳಿಗೆ ಎರಡನೇ ಬಾಟಲಿ ತೆಗೆದುಕೊಳ್ಳಲು ಬಂದಿದ್ದರು. ಮೊದಲನೆಯದು 400ರದ್ದು, ನನ್ನ ಹತ್ತಿರ ಇದ್ದದ್ದು 800ರದ್ದು. ಡ್ರಾಪರಿನ ಮೇಲಿನ ಸಣ್ಣ ಅಂಕಿ ಅವರ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಫ್ಯಾನ್ಸಿ ಸ್ಟೋರಿನಿಂದ ಹತ್ತು ರೂಪಾಯಿಯ ಕೆಂಪು ನೇಲ್ ಪಾಲಿಶ್ ತರಿಸಿ ಅರ್ಧ ಎಂಎಲ್ ಇರುವಲ್ಲಿ ಒಂದು ಗೆರೆ ಎಳೆದೆ, ಒಣಗುವವರೆಗೆ ಕೂರಿಸಿದೆ. "ಇಲ್ಲಿಗೆ ಬಂದ್ರೆ ಸಾಕಾ?" ಅಂದರು. ಸಾಕು ಅಂದೆ. ಆ ನೇಲ್ ಪಾಲಿಶ್ ಈಗ ಮಾರ್ಕರ್ ಪಕ್ಕದಲ್ಲೇ ಇದೆ.